ನಿಮ್ಮ ಸಂಘದ ಕೆಲಸ ಜನಕ್ಕೆ ಗೊತ್ತಾಗಬೇಕಾ? ಮಲೆನಾಡಿನ ಸಣ್ಣ ಸಂಸ್ಥೆಗಳಿಗೆ ಸೋಶಿಯಲ್ ಮೀಡಿಯಾ ಮಾರ್ಗದರ್ಶಿ

ಹೋದ ಮಳೆಗಾಲದಲ್ಲಿ ನಮ್ಮ ಪಕ್ಕದೂರಿನಲ್ಲಿ ಒಂದು ತಾಳಮದ್ದಲೆ ಇತ್ತು, ಅಂದರೆ ವೇಷ ಇಲ್ಲದೆ ಕೂತು ಹಾಡು, ಮಾತಿನಲ್ಲೇ ನಡೆಸುವ ಯಕ್ಷಗಾನ. ಪಾತ್ರದ ಮಾತಾಡುವ ಅರ್ಥಧಾರಿಗಳು ದೂರದಿಂದ ಬಂದಿದ್ದರು. ಭಾಗವತರ ಪದ ಇವತ್ತಿಗೂ ಕಿವಿಯಲ್ಲಿದೆ. ಹಾಕಿದ್ದ ಕುರ್ಚಿ 80, ಬಂದವರು 17 ಜನ. ಮಾರನೇ ದಿನ ಸಾಗರದ ಪೇಟೆಯಲ್ಲಿ ಸಿಕ್ಕವರೆಲ್ಲ ಒಂದೇ ಮಾತು ಹೇಳಿದರು, "ಅಯ್ಯೋ, ನಿನ್ನೆ ಇತ್ತಾ? ಗೊತ್ತಾಗಿದ್ರೆ ಬರ್ತಿದ್ದೆ."

ತುಂಬಾ ಬೇಜಾರಾಯಿತು. ಆ ಕೂಟದ ಹಿರಿಯರೊಬ್ಬರನ್ನು ಕೇಳಿದೆ, ಯಾಕೆ ಯಾರಿಗೂ ತಿಳಿಸಲಿಲ್ಲ ಅಂತ. "ನಮ್ಮ ಬಗ್ಗೆ ನಾವೇ ಹೇಳ್ಕೊಂಡು ತಿರುಗೋದು ಚಂದ ಅಲ್ಲ ತಂಗಿ" ಅಂದರು.

ಈ ಸಂಕೋಚ ನಮ್ಮ ಕಡೆ ಸುಮಾರು ಎಲ್ಲ ಸಂಘಗಳಲ್ಲೂ ಇದೆ. ಮಹಿಳಾ ಸಂಘ, ಸೊಸೈಟಿ, ಯುವಕ ಮಂಡಲ, ರಂಗತಂಡ, ಊರಿನ ಗ್ರಂಥಾಲಯ, ಯಾವುದನ್ನಾದರೂ ನೋಡಿ. ಕೆಲಸ ಮಾಡುತ್ತಾರೆ, ಹೇಳಿಕೊಳ್ಳುವುದಿಲ್ಲ. ನನ್ನ ಅಭಿಪ್ರಾಯ ಇಷ್ಟೇ: ಹೊಗಳಿಕೊಳ್ಳುವುದು ಬೇಡ, ಕೆಲಸ ತೋರಿಸಿ. ಹೆಗ್ಗೋಡಿನ ರಂಗಸಂಸ್ಥೆ ನೀನಾಸಂ ಶುರುವಾದದ್ದು 1949ರಲ್ಲಿ, ಒಂದು ಹಳ್ಳಿಯಲ್ಲಿ. 1985ರಿಂದ ಅವರ ತಿರುಗಾಟ ತಂಡ ಊರೂರಿಗೆ ಹೋಗಿ ನಾಟಕ ಆಡುತ್ತಿದೆ. ಜನ ನಾಟಕ ನೋಡಿದರು, ಇನ್ನೊಬ್ಬರಿಗೆ ಹೇಳಿದರು. ನಮ್ಮಂಥ ಸಣ್ಣವರಿಗೆ ಊರೂರು ತಿರುಗುವ ಶಕ್ತಿ ಇಲ್ಲ. ಕೈಯಲ್ಲಿ ಫೋನಿದೆ.

ನಾನು 6 ವರ್ಷದಿಂದ ನಮ್ಮ ಮಹಿಳಾ ಸಂಘದ ಫೋನ್ ನೋಡಿಕೊಳ್ಳುತ್ತಿದ್ದೇನೆ. ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ನಮ್ಮ ಕೆಲಸ. ಈ ವರ್ಷ ಆ ತಾಳಮದ್ದಲೆ ಕೂಟಕ್ಕೂ ಸ್ವಲ್ಪ ಕೈ ಜೋಡಿಸಿದೆ. ಮಾಡಿ ಕಲಿತದ್ದನ್ನು ಒಂದೊಂದಾಗಿ ಹೇಳುತ್ತೇನೆ.

ಮೊದಲ ಹೆಜ್ಜೆ: ಫೋನ್ ಬದಿಗಿಡಿ, ನೋಟ್‌ಬುಕ್ ತೆಗೆಯಿರಿ

ಸಂಘದ ಮೀಟಿಂಗಿನಲ್ಲಿ ಎಲ್ಲರೂ ಕೂತು ಎರಡು ಪ್ರಶ್ನೆಗೆ ಉತ್ತರ ಬರೆಯಿರಿ. ಯಾರಿಗೆ ಗೊತ್ತಾಗಬೇಕು? ಗೊತ್ತಾದ ಮೇಲೆ ಅವರು ಏನು ಮಾಡಬೇಕು?

"ಪ್ರಚಾರ ಆಗಬೇಕು" ಅನ್ನುವುದು ಉತ್ತರವಲ್ಲ. "ಈ ಮಳೆಗಾಲದ ಒಳಗೆ 200 ಬಾಟಲಿ ಮಿಡಿ ಹೋಗಬೇಕು" ಅನ್ನುವುದು ಉತ್ತರ. "ಕೂಟಕ್ಕೆ 60 ಜನ ಬರಬೇಕು, ಅದರಲ್ಲಿ 20 ಜನ ಹೊಸಬರಾಗಿರಬೇಕು" ಅನ್ನುವುದೂ ಉತ್ತರ. ಲೆಕ್ಕ ಇದ್ದರೆ ಕೊನೆಗೆ ಆಯಿತಾ ಇಲ್ಲವಾ ಅಂತ ಗೊತ್ತಾಗುತ್ತದೆ.

ನಮ್ಮ ಸಂಘಗಳಿಗೆ ಸಾಮಾನ್ಯವಾಗಿ ಮೂರು ತರದ ಜನ. ಊರಿನಲ್ಲೇ ಇರುವವರು. ಊರು ಬಿಟ್ಟು ಬೆಂಗಳೂರಿನಲ್ಲೋ ಮುಂಬೈಯಲ್ಲೋ ಇದ್ದು, ಊರಿನ ರುಚಿಗೆ, ಊರಿನ ಸುದ್ದಿಗೆ ಕಾಯುವವರು. ಮತ್ತೆ ಜೋಗ, ಆಗುಂಬೆ, ಕೊಡಚಾದ್ರಿ ನೋಡಲು ಬಂದು ಹೋಗುವ ಪರಿಚಯವೇ ಇಲ್ಲದವರು. ಮೂವರಿಗೂ ಒಂದೇ ಮಾತು ನಾಟುವುದಿಲ್ಲ. ಊರಿನವರಿಗೆ ದಿನಾಂಕ ಬೇಕು. ಬೆಂಗಳೂರಿನವರಿಗೆ ಕೊರಿಯರ್ ಖರ್ಚು ಎಷ್ಟು ಅಂತ ಬೇಕು. ಪ್ರವಾಸಿಗೆ ನಿಮ್ಮ ಬಾಗಿಲಿಗೆ ಬರುವ ದಾರಿ ಬೇಕು.

ಎರಡನೇದು: ಎಲ್ಲ ಕಡೆ ಖಾತೆ ತೆರೆಯಬೇಡಿ

ಎರಡು ಕಡೆ ಇದ್ದರೆ ಸಾಕು. ಐದು ಕಡೆ ಖಾತೆ ತೆರೆದು ಐದನ್ನೂ ಒಣಗಿಸುವುದಕ್ಕಿಂತ ಎರಡಕ್ಕೆ ದಿನಾ ನೀರು ಹಾಕುವುದು ಒಳ್ಳೆಯದು. ನಮ್ಮ ಕಡೆ ಆ ಎರಡರಲ್ಲಿ ಒಂದು ವಾಟ್ಸಾಪ್ ಆಗಿರಲೇಬೇಕು.

ವಾಟ್ಸಾಪಿನಲ್ಲೇ ನಾಲ್ಕು ದಾರಿ ಇವೆ, ಜನ ಇದನ್ನು ಗೊಂದಲ ಮಾಡಿಕೊಳ್ಳುತ್ತಾರೆ. ಗ್ರೂಪಿನಲ್ಲಿ 1024 ಜನರವರೆಗೆ ಸೇರಿಸಬಹುದು, ಆದರೆ ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತದೆ. ನಮ್ಮ ಹೆಣ್ಣುಮಕ್ಕಳ ನಂಬರ್ ಗುರುತಿಲ್ಲದವರ ಕೈಗೆ ಹೋಗುವುದು ನನಗಂತೂ ಇಷ್ಟವಿಲ್ಲ, ಹಾಗಾಗಿ ಗಿರಾಕಿಗಳ ಗ್ರೂಪ್ ಮಾಡಲೇ ಇಲ್ಲ. ಬ್ರಾಡ್‌ಕಾಸ್ಟ್ ಲಿಸ್ಟ್ ಅಂದರೆ ಒಂದೇ ಮೆಸೇಜನ್ನು ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಕಳಿಸುವ ಪಟ್ಟಿ, ಒಂದಕ್ಕೆ 256 ಜನ. ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಆ ಮೆಸೇಜ್ ಹೋಗುತ್ತದೆ, ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಆದ್ದರಿಂದ ಬಾಟಲಿ ಕೊಡುವಾಗಲೇ "ಅಕ್ಕ, ನಮ್ಮ ನಂಬರ್ ಸೇವ್ ಮಾಡ್ಕೊಳ್ಳಿ" ಅಂತ ಹೇಳಿಬಿಡಿ. ಸ್ಟೇಟಸ್ 24 ಗಂಟೆ ಇರುತ್ತದೆ, ಸಣ್ಣ ಸುದ್ದಿಗೆ ಅದು ಸಾಕು. ಇನ್ನು ಚಾನೆಲ್, ಅಂದರೆ ನೀವು ಹಾಕಿದ್ದನ್ನು ಸೇರಿದವರೆಲ್ಲ ನೋಡುವ ಜಾಗ. ಭಾರತಕ್ಕೆ ಇದು ಬಂದದ್ದು 2023ರ ಸೆಪ್ಟೆಂಬರ್‌ನಲ್ಲಿ. ಸೇರಿದವರ ನಂಬರ್ ಒಬ್ಬರಿಗೊಬ್ಬರಿಗೆ ಕಾಣುವುದಿಲ್ಲ, ನಡೆಸುವವರ ನಂಬರೂ ಸೇರಿದವರಿಗೆ ಕಾಣುವುದಿಲ್ಲ. ಕಾರ್ಯಕ್ರಮ ನಡೆಸುವ ಸಂಘಗಳಿಗೆ ಇದಕ್ಕಿಂತ ಒಳ್ಳೆಯದು ನನಗೆ ಕಂಡಿಲ್ಲ.

ಮಾರಾಟ ಇದ್ದರೆ ಮಾಮೂಲಿ ವಾಟ್ಸಾಪ್ ಬದಲು ವಾಟ್ಸಾಪ್ ಬಿಸಿನೆಸ್ ಹಾಕಿಕೊಳ್ಳಿ. ಅದೂ ಉಚಿತ. ಕ್ಯಾಟಲಾಗಿನಲ್ಲಿ ಫೋಟೋ, ತೂಕ, ಬೆಲೆ ಹಾಕಿಡಬಹುದು. "ಅಡುಗೆ ಕೆಲಸದಲ್ಲಿದ್ದೇವೆ, ಸಂಜೆ 6ರ ಮೇಲೆ ಉತ್ತರ ಕೊಡುತ್ತೇವೆ" ಅಂತ ತಾನಾಗಿ ಹೋಗುವ ಉತ್ತರವನ್ನೂ ಬರೆದಿಡಬಹುದು.

ಎರಡನೇ ಜಾಗ ನಿಮ್ಮ ಜನರ ಮೇಲೆ ನಿಂತಿದೆ. ಸ್ವಲ್ಪ ವಯಸ್ಸಾದ ಓದುಗರು, ಊರು ಬಿಟ್ಟವರು ನಮಗೆ ಹೆಚ್ಚು ಸಿಕ್ಕಿದ್ದು ಫೇಸ್‌ಬುಕ್‌ನಲ್ಲಿ. ಅಲ್ಲಿ ಸಂಘದ ಹೆಸರಲ್ಲಿ ಪೇಜ್ ಮಾಡಿ, ಮನುಷ್ಯರ ತರ ಪ್ರೊಫೈಲ್ ಮಾಡಬೇಡಿ. ಪ್ರೊಫೈಲ್‌ಗೆ 5000 ಸ್ನೇಹಿತರ ಮಿತಿ ಇದೆ, ಸಂಸ್ಥೆಗೆ ಪ್ರೊಫೈಲ್ ಮಾಡುವುದು ಅವರ ನಿಯಮಕ್ಕೂ ವಿರುದ್ಧ. ಕಾಲೇಜು ಹುಡುಗರು, ಪ್ರವಾಸಿಗಳು ಬೇಕಿದ್ದರೆ ಇನ್‌ಸ್ಟಾಗ್ರಾಂ. ಯಕ್ಷಗಾನ, ತಾಳಮದ್ದಲೆ, ನಾಟಕದವರಿಗೆ ಯೂಟ್ಯೂಬ್ ಬೇಕೇ ಬೇಕು. ರಾತ್ರಿ ಅಡಿಕೆ ಸುಲಿಯುತ್ತಾ ಇಡೀ ಪ್ರಸಂಗ ಕೇಳುವವರು ನಮ್ಮಲ್ಲಿ ಎಷ್ಟು ಜನ ಇದ್ದಾರೆ ಅಂತ ನಿಮಗೇ ಗೊತ್ತು. ಒಂದು ಮಾತು, 15 ನಿಮಿಷಕ್ಕಿಂತ ಉದ್ದದ ವಿಡಿಯೋ ಹಾಕಬೇಕಾದರೆ ಯೂಟ್ಯೂಬ್ ಖಾತೆಯನ್ನು ಫೋನ್ ನಂಬರ್ ಕೊಟ್ಟು ವೆರಿಫೈ ಮಾಡಿಸಬೇಕು. ಇದನ್ನು ಕಾರ್ಯಕ್ರಮದ ಹಿಂದಿನ ವಾರವೇ ಮುಗಿಸಿಡಿ.

ಗೂಗಲ್ ಮ್ಯಾಪಿನಲ್ಲಿ ಸಂಘದ ಜಾಗವನ್ನು ಗೂಗಲ್ ಬಿಸಿನೆಸ್ ಪ್ರೊಫೈಲ್ ಮೂಲಕ ಸೇರಿಸುವುದು ಉಚಿತ. ಜೋಗಕ್ಕೆ ಹೋಗುವ ಕಾರು ನಿಮ್ಮ ಅಂಗಡಿ ಮುಂದೆ ನಿಲ್ಲಬೇಕಾದರೆ ಇದು ಬೇಕು.

ಮೂರನೇದು: ಬೀಗದ ಕೈ ಯಾರ ಹತ್ತಿರ?

ಇದನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ನಮ್ಮ ಮೊದಲ ಪೇಜನ್ನು ಊರಿನ ಒಬ್ಬ ಹುಡುಗ ಪ್ರೀತಿಯಿಂದ ಮಾಡಿಕೊಟ್ಟಿದ್ದ. ಎರಡು ವರ್ಷ ಆದ ಮೇಲೆ ಅವನಿಗೆ ದೂರದಲ್ಲಿ ಕೆಲಸ ಸಿಕ್ಕಿತು, ಫೋನ್ ಕಳೆದುಹೋಯಿತು, ಹಳೇ ನಂಬರೂ ಹೋಯಿತು, ಪಾಸ್‌ವರ್ಡ್ ನೆನಪಿರಲಿಲ್ಲ. ಎರಡು ವರ್ಷದ ಫೋಟೋ, ನೂರಾರು ಗಿರಾಕಿಗಳು ಎಲ್ಲ ಅಲ್ಲೇ ಉಳಿಯಿತು. ಆ ಪೇಜ್ ಇವತ್ತಿಗೂ ಹುಡುಕಿದರೆ ಸಿಗುತ್ತದೆ. ಹಳೇ ಬೆಲೆ ನೋಡಿ ಜನ ಈಗಲೂ ಕೇಳುತ್ತಾರೆ.

ಹಾಗಾಗಿ ಸಂಘದ ಹೆಸರಲ್ಲೇ ಒಂದು ಇಮೇಲ್ ಮಾಡಿ. ಸಂಘಕ್ಕೇ ಒಂದು ಸಿಮ್ ಇಟ್ಟುಕೊಳ್ಳಿ, ಅದಕ್ಕೆ ಸಮಯಕ್ಕೆ ಸರಿಯಾಗಿ ರೀಚಾರ್ಜ್ ಮಾಡಿಸಿ. ಪೇಜಿಗೆ ಕನಿಷ್ಠ ಇಬ್ಬರು ಪೂರ್ತಿ ಅಧಿಕಾರ ಇರುವ ಅಡ್ಮಿನ್ ಇರಲಿ, ಅದರಲ್ಲಿ ಒಬ್ಬರು ಊರಲ್ಲೇ ಇರುವವರಾಗಿರಲಿ. ಪದಾಧಿಕಾರಿಗಳು ಬದಲಾದ ದಿನವೇ ಅಡ್ಮಿನ್ ಕೂಡ ಬದಲಾಗಲಿ, ನಡಾವಳಿ ಪುಸ್ತಕದಲ್ಲಿ ಬರೆದಿಡಿ.

ಎಲ್ಲ ಖಾತೆಗೂ ಟೂ ಸ್ಟೆಪ್ ವೆರಿಫಿಕೇಶನ್ ಆನ್ ಮಾಡಿ, ಅದು ಖಾತೆಗೆ ಎರಡನೇ ಬೀಗ ಇದ್ದ ಹಾಗೆ. ವಾಟ್ಸಾಪಿನಲ್ಲಿ ಇದು 6 ಅಂಕಿಯ ಪಿನ್. "ತಪ್ಪಿ ನಿಮಗೊಂದು ಕೋಡ್ ಬಂದಿದೆ, ಕಳಿಸಿ" ಅಂತ ಗುರುತಿನವರ ನಂಬರಿಂದಲೇ ಮೆಸೇಜ್ ಬಂದರೂ ಕೊಡಬೇಡಿ. "ನಿಮ್ಮ ಪೇಜ್ ಬಂದ್ ಆಗುತ್ತದೆ, ಈ ಲಿಂಕ್ ಒತ್ತಿ" ಅನ್ನುವುದೂ ಅದೇ ಕಳ್ಳತನ. ದುಡ್ಡು ಹೋದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ, ಅದು ಸೈಬರ್ ವಂಚನೆಗೆಂದೇ ಇರುವ ಸಹಾಯವಾಣಿ.

ನಾಲ್ಕನೇದು: ಮನೆ ಮುಂದಿನ ಬೋರ್ಡು ಸರಿಯಾಗಿರಲಿ

ಹೆಸರು, ಊರು, ತಾಲೂಕು, ಫೋನ್, ಬಾಗಿಲು ತೆರೆದಿರುವ ಸಮಯ. ಎಲ್ಲ ಕಡೆ ಒಂದೇ ತರ ಇರಲಿ. ಪರಿಚಯ ಎರಡು ಸಾಲು ಸಾಕು. "ಸಾಗರ ತಾಲೂಕಿನ 14 ಹೆಂಗಸರು ಸೇರಿ ಮಾಡುವ ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ" ಅಂತ ಬರೆದರೆ ಓದಿದವರಿಗೆ ಅರ್ಥವಾಗುತ್ತದೆ. "ಸಮಾಜಮುಖಿ ಚಿಂತನೆಯ ಸರ್ವತೋಮುಖ ಅಭಿವೃದ್ಧಿ" ಅಂತ ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ.

ಕನ್ನಡದಲ್ಲೇ ಬರೆಯಿರಿ. ಹಳೇ ನುಡಿ ತಂತ್ರಾಂಶದ ಫೈಲಿನಲ್ಲಿ ಟೈಪ್ ಮಾಡಿಸಿದ್ದನ್ನು ಕಾಪಿ ಮಾಡಿ ಫೇಸ್‌ಬುಕ್‌ಗೆ ಹಾಕಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬರುತ್ತವಲ್ಲ, ಅದಕ್ಕೆ ಕಾರಣ ಆ ಹಳೇ ಫಾಂಟು ಯೂನಿಕೋಡ್ (ಎಲ್ಲ ಫೋನು, ಕಂಪ್ಯೂಟರಿನಲ್ಲೂ ಓದಲು ಬರುವ ಅಕ್ಷರ ವ್ಯವಸ್ಥೆ) ಅಲ್ಲದಿರುವುದು. ಪರಿವರ್ತಕ ಬಳಸಿ ಯೂನಿಕೋಡ್ ಮಾಡಿಕೊಳ್ಳಿ, ಇಲ್ಲವೇ ಫೋನಿನಲ್ಲಿ ಗೂಗಲ್ ಕೀಬೋರ್ಡಿನ ಮೈಕ್ ಒತ್ತಿ ಮಾತಾಡಿ. ಕನ್ನಡ ಚೆನ್ನಾಗಿಯೇ ಬರುತ್ತದೆ, ತಪ್ಪು ತಿದ್ದಿದರೆ ಆಯಿತು. ಪ್ರವಾಸಿಗಳಿಗೆ ಬೇಕಿದ್ದರೆ ಕೆಳಗೆ ಒಂದು ಸಾಲು ಇಂಗ್ಲಿಷ್ ಸೇರಿಸಿ.

ಐದನೇದು: ಏನು ಹಾಕಬೇಕು?

ನಾನು ಜಾಸ್ತಿ ಹೇಳಬೇಕಾಗಿರುವುದು ಇಲ್ಲೇ. ಬಹಳ ಸಂಘಗಳ ಪೇಜ್ ತೆಗೆದು ನೋಡಿ. ದೀಪ ಹಚ್ಚುವ ಫೋಟೋ, ಶಾಲು ಹೊದಿಸುವ ಫೋಟೋ, ಹಬ್ಬದ ಶುಭಾಶಯ. ವೇದಿಕೆಯ ಮೇಲಿದ್ದವರಿಗೆ ಬಿಟ್ಟು ಬೇರೆ ಯಾರಿಗೆ ಅದು ಬೇಕು? ಆ ಸಂಘ ಏನು ಕೆಲಸ ಮಾಡುತ್ತದೆ ಅಂತ ಹತ್ತು ಫೋಟೋ ನೋಡಿದರೂ ಗೊತ್ತಾಗುವುದಿಲ್ಲ.

ನಮ್ಮಲ್ಲಿ ಅತಿ ಹೆಚ್ಚು ಜನ ನೋಡಿದ ವಿಡಿಯೋ 40 ಸೆಕೆಂಡಿನದು. ಸಂಘದ ಹಿರಿಯಕ್ಕ ಜಗಲಿಯಲ್ಲಿ ಕೂತು ಅಪ್ಪೆಮಿಡಿ ಆರಿಸುತ್ತಿದ್ದರು. ತೊಟ್ಟು ಇರುವುದು ಒಂದು ಕಡೆ, ತೊಟ್ಟು ಕಳಚಿದ್ದು ಇನ್ನೊಂದು ಕಡೆ. ಒಂದು ಮಿಡಿಯ ತೊಟ್ಟು ಮುರಿದರು, ಸೊನೆ ಚಿಮ್ಮಿತು, ಮೂಗಿನ ಹತ್ತಿರ ಹಿಡಿದು "ಇದು ಜೀರಿಗೆ ಮಿಡಿ, ನೋಡು" ಅಂದರು. ಆಮೇಲೆ ಭರಣಿಯಲ್ಲಿ ಒಂದು ಹಾಸು ಮಿಡಿ, ಒಂದು ಹಾಸು ಕಲ್ಲುಪ್ಪು. ಇಷ್ಟೇ. ಹಿನ್ನೆಲೆಯಲ್ಲಿ ಹಾಡಿಲ್ಲ, ಕೋಳಿ ಕೂಗುವುದು ಕೇಳುತ್ತದೆ. "ಉತ್ತಮ ಗುಣಮಟ್ಟದ ಉಪ್ಪಿನಕಾಯಿ ದೊರೆಯುತ್ತದೆ" ಅಂತ ನಾವು ಮೂರು ವರ್ಷ ಹಾಕಿದ ಪೋಸ್ಟರುಗಳು ಮಾಡದ ಕೆಲಸವನ್ನು ಆ ಸೊನೆ ಚಿಮ್ಮಿದ್ದು ಮಾಡಿತು. ಬೆಂಗಳೂರಿನಿಂದ ಒಬ್ಬರು ಫೋನ್ ಮಾಡಿ, "ನಮ್ಮಜ್ಜಿ ಹೀಗೇ ವಾಸನೆ ನೋಡ್ತಿದ್ರು" ಅಂದರು. ನಾಲ್ಕು ಬಾಟಲಿ ತರಿಸಿಕೊಂಡರು.

ನಿಮ್ಮಲ್ಲೂ ಇಂಥದ್ದು ಇದ್ದೇ ಇರುತ್ತದೆ. ಹಸೆ ಚಿತ್ತಾರ ಬರೆಯುವವರಾದರೆ ಮುಗಿದ ಚಿತ್ರಕ್ಕಿಂತ ಮೊದಲು ಪುಂಡಿ ನಾರಿನ ಕುಂಚ ಹೇಗೆ ಮಾಡುತ್ತೀರಿ ಅಂತ ತೋರಿಸಿ, ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿ ಹಿಟ್ಟಿನ ಮೊದಲ ಗೆರೆ ಎಳೆಯುವ ಕೈ ತೋರಿಸಿ. ಯಕ್ಷಗಾನದವರು ಬಣ್ಣ ಹಚ್ಚಿಕೊಳ್ಳುವ ಚೌಕಿಯಲ್ಲಿ ಮುಂಡಾಸು ಕಟ್ಟುವುದನ್ನು ತೋರಿಸಿ. ಗ್ರಂಥಾಲಯದವರು ಈ ವಾರ ಮಕ್ಕಳು ಯಾವ ಪುಸ್ತಕಕ್ಕೆ ಜಗಳ ಆಡಿದರು ಅಂತ ಬರೆಯಿರಿ.

ಜನ ತಿರುಗಿ ತಿರುಗಿ ಬರುವಂಥದ್ದು ಏನಾದರೂ ಕೊಡಿ, ಇದು ಎರಡನೇ ಗುಟ್ಟು. ಶಿವಮೊಗ್ಗದ ಅಡಿಕೆ ರೇಟನ್ನು ನೋಡಿ. ರಾಶಿ ಎಷ್ಟು, ಬೆಟ್ಟೆ ಎಷ್ಟು, ಗೊರಬಲು ಎಷ್ಟು ಅಂತ ಹಾಕುವ ಸ್ಟೇಟಸ್ಸನ್ನು ಬೆಳೆಗಾರರು ದಿನಾ ಹುಡುಕಿ ನೋಡುತ್ತಾರೆ. ನಿಮ್ಮ ಸೊಸೈಟಿಗೆ ಮಳೆಗಾಲದ ಮೊದಲು ಮೈಲುತುತ್ತ ಬಂದಿದೆ ಅನ್ನಿ. "ಮೈಲುತುತ್ತ ಬಂದಿದೆ, ಕೆಜಿಗೆ ಇಷ್ಟು, ಶನಿವಾರ ಮಧ್ಯಾಹ್ನದವರೆಗೆ ಕೊಡುತ್ತೇವೆ" ಅಂತ ಒಂದು ಸಾಲು ಹಾಕಿ. ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಯುವ ಸಮಯದಲ್ಲಿ ಇದಕ್ಕಿಂತ ದೊಡ್ಡ ಪ್ರಚಾರ ಬೇಕಾ? ಉಪಯೋಗಕ್ಕೆ ಬರುವ ಸುದ್ದಿ ಕೊಡುವವರ ಚಾನೆಲನ್ನು ಯಾರೂ ಮ್ಯೂಟ್ ಮಾಡುವುದಿಲ್ಲ.

ಕಾರ್ಯಕ್ರಮದ ಪೋಸ್ಟರ್ ಬಗ್ಗೆ ಹೇಳಲೇಬೇಕು. ನಮ್ಮ ಆಮಂತ್ರಣಗಳಲ್ಲಿ ಉದ್ಘಾಟಕರು, ಅಧ್ಯಕ್ಷರು, ಘನ ಉಪಸ್ಥಿತಿ ಎಲ್ಲ ಸೇರಿ 30 ಹೆಸರು ಇರುತ್ತವೆ. ದಿನಾಂಕ ಮಾತ್ರ ಮೂಲೆಯಲ್ಲಿ. ಅದನ್ನೇ ಫೋನಿಗೆ ಕಳಿಸಿದರೆ ಓದಲು ಆಗುವುದಿಲ್ಲ. ಛಾಪಿಸುವ ಆಮಂತ್ರಣ ಹಾಗೇ ಇರಲಿ, ಹಿರಿಯರಿಗೆ ಗೌರವ ಕೊಡಲೇಬೇಕು. ಫೋನಿಗೆ ಬೇರೆಯೇ ಪೋಸ್ಟರ್ ಮಾಡಿ: ಪ್ರಸಂಗ ಯಾವುದು, ವಾರ ಮತ್ತು ದಿನಾಂಕ, ಎಷ್ಟು ಗಂಟೆಗೆ, ಎಲ್ಲಿ, ಊಟ ಇದೆಯಾ, ಕೊನೇ ಬಸ್ಸು ಎಷ್ಟಕ್ಕೆ. ದೂರ ಹಿಡಿದು ನೋಡಿದರೂ ದಿನಾಂಕ ಕಾಣಬೇಕು. ಕೆಳಗೆ ಅದೇ ವಿವರವನ್ನು ಅಕ್ಷರದಲ್ಲೂ ಟೈಪ್ ಮಾಡಿ, ಏಕೆಂದರೆ ಕಣ್ಣು ಕಾಣದವರಿಗೆ ಫೋನ್ ಓದಿ ಹೇಳುವುದು ಅಕ್ಷರವನ್ನು, ಸಿಗ್ನಲ್ ಕಡಿಮೆ ಇರುವ ಕಡೆ ಮೊದಲು ಬಂದು ಮುಟ್ಟುವುದೂ ಅಕ್ಷರವೇ. ಹತ್ತು ದಿನ ಮೊದಲು ಒಂದು ಸಲ, ಮೂರು ದಿನ ಮೊದಲು ಒಂದು ಸಲ, ಆ ದಿನ ಬೆಳಿಗ್ಗೆ ಒಂದು ಸಲ ಕಳಿಸಿ.

ವರ್ಷದ ಲೆಕ್ಕವನ್ನು ನಮ್ಮ ಕಾಲಕ್ಕೆ ತಕ್ಕ ಹಾಗೆ ಹಾಕಿಕೊಳ್ಳಿ. ಕೊಯ್ಲಿನ ಸಮಯದಲ್ಲಿ ಹಗಲು ಯಾರಿಗೂ ಪುರುಸೊತ್ತಿಲ್ಲ, ರಾತ್ರಿ ಹಾಕಿ. ಫೆಬ್ರವರಿ, ಮಾರ್ಚಿನಲ್ಲಿ ಮಿಡಿ. ಏಪ್ರಿಲ್, ಮೇಯಲ್ಲಿ ಹಲಸಿನ ಹಪ್ಪಳ, ಅದೇ ಹೊತ್ತಿಗೆ ರಜೆಗೆ ಊರಿಗೆ ಬರುವವರು. ಜುಲೈಯಿಂದ ಜೋಗದ ಜನ.

ಆರನೇದು: ತೆಗೆಯುವುದು, ಕಳಿಸುವುದು

ದೊಡ್ಡ ಕ್ಯಾಮೆರಾ ಬೇಡ. ಲೆನ್ಸ್ ಒರೆಸಿ, ಮಳೆಗಾಲದಲ್ಲಿ ಅದರ ಮೇಲೆ ತೇವ ಕೂತಿರುತ್ತದೆ. ನಮ್ಮ ಮನೆಗಳ ಒಳಗೆ ಕತ್ತಲು ಜಾಸ್ತಿ, ಅದಕ್ಕೆ ಜಗಲಿಗೆ ಬನ್ನಿ, ಬೆಳಕು ತೆಗೆಯುವವರ ಬೆನ್ನ ಹಿಂದಿರಲಿ. ರೀಲ್ಸ್, ಶಾರ್ಟ್ಸ್‌ಗೆ ಫೋನ್ ಉದ್ದಕ್ಕೆ ಹಿಡಿಯಿರಿ, ಇಡೀ ಪ್ರಸಂಗಕ್ಕೆ ಅಡ್ಡಕ್ಕೆ. 2024ರ ಅಕ್ಟೋಬರ್‌ನಿಂದ ಶಾರ್ಟ್ಸ್ 3 ನಿಮಿಷದವರೆಗೂ ಇರಬಹುದು, ಆದರೂ ಒಂದು ನಿಮಿಷದೊಳಗೆ ಮುಗಿಸಿದರೆ ಒಳ್ಳೆಯದು. ತಾಳಮದ್ದಲೆಗೆ ಚಿತ್ರಕ್ಕಿಂತ ಮಾತು ಮುಖ್ಯ. ಹೆಂಚಿನ ಮೇಲೆ ಮಳೆ ಸುರಿಯುವಾಗ ಮೂಲೆಯಲ್ಲಿಟ್ಟ ಫೋನಿಗೆ ಮಾತು ಕೇಳುವುದೇ ಇಲ್ಲ. ಇನ್ನೊಂದು ಫೋನನ್ನು ಅರ್ಥಧಾರಿಗಳ ಹತ್ತಿರವೇ ರೆಕಾರ್ಡಿಗೆ ಇಟ್ಟು ಆಮೇಲೆ ಧ್ವನಿ ಜೋಡಿಸಿ.

ಇನ್ನು ಸಿಗ್ನಲ್. "ನೋ ನೆಟ್‌ವರ್ಕ್, ನೋ ವೋಟಿಂಗ್" ಅಂತ ಅಭಿಯಾನ ಮಾಡಿದ ಸೀಮೆ ನಮ್ಮದು. ಮಳೆ ಹಿಡಿದರೆ ಕರೆಂಟ್ ಹೋಗುತ್ತದೆ, ಹಿಂದೆಯೇ ಟವರ್ ಹೋಗುತ್ತದೆ. ಅದಕ್ಕೆ ಪೇಟೆಗೆ ಹೋದ ದಿನ ಒಂದು ವಾರದ್ದನ್ನು ಒಟ್ಟಿಗೇ ಹಾಕಿಡಿ. ಫೇಸ್‌ಬುಕ್ ಕಂಪನಿಯದೇ ಆದ ಮೆಟಾ ಬಿಸಿನೆಸ್ ಸೂಟ್‌ನಲ್ಲಿ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಎರಡಕ್ಕೂ ದಿನ, ಸಮಯ ಕೊಟ್ಟು ಮೊದಲೇ ಇಡಬಹುದು. ಯೂಟ್ಯೂಬ್‌ನಲ್ಲೂ ಈ ಸೌಲಭ್ಯ ಇದೆ.

ಏಳನೇದು: ಉತ್ತರ ಕೊಡಿ

"ಬೆಲೆ ಎಷ್ಟು?" ಅಂತ ಕೇಳಿದವರಿಗೆ "ಇನ್‌ಬಾಕ್ಸ್‌ಗೆ ಬನ್ನಿ" ಅನ್ನಬೇಡಿ. ಬೆಲೆ ಅಲ್ಲೇ ಬರೆಯಿರಿ, ಕೇಳದೆ ಸುಮ್ನೆ ನೋಡುತ್ತಿರುವ ಇನ್ನೂ ಹತ್ತು ಜನಕ್ಕೆ ಗೊತ್ತಾಗುತ್ತದೆ.

ಒಬ್ಬರು ನಮ್ಮ ಪೇಜಿನಲ್ಲೇ ಎಲ್ಲರಿಗೂ ಕಾಣುವ ಹಾಗೆ ಬರೆದರು, ಬಾಟಲಿ ಸೋರಿ ಪಾರ್ಸೆಲ್ ಪೂರ್ತಿ ಎಣ್ಣೆ ಆಗಿದೆ ಅಂತ. ಫೋಟೋನೂ ಹಾಕಿದ್ದರು. ಅಳಿಸಿಬಿಡೋಣ ಅಂತ ಸಂಘದಲ್ಲಿ ಮಾತು ಬಂತು. ಅಳಿಸಲಿಲ್ಲ. "ತಪ್ಪಾಗಿದೆ ಅಣ್ಣ, ಬೇರೆ ಬಾಟಲಿ ಇವತ್ತೇ ಕಳಿಸುತ್ತೇವೆ" ಅಂತ ಅದರ ಕೆಳಗೇ ಬರೆದೆವು, ಕಳಿಸಿದೆವು. ಮುಚ್ಚಳದ ಕೆಳಗೆ ಸೀಲ್ ಹಾಕುವುದನ್ನು ಅವತ್ತಿಂದ ಶುರು ಮಾಡಿ, ಅದರ ಫೋಟೋ ಅದೇ ಜಾಗದಲ್ಲಿ ಹಾಕಿದೆವು. ಅವರು ಇವತ್ತಿಗೂ ನಮ್ಮ ಗಿರಾಕಿ. ಬೈಗುಳ, ಜಾತಿ ಜಗಳ ಶುರು ಮಾಡುವವರನ್ನು ಮಾತ್ರ ಬ್ಲಾಕ್ ಮಾಡಿ, ಅವರ ಜೊತೆ ವಾದಕ್ಕೆ ಇಳಿಯಬೇಡಿ.

ಎಂಟನೇದು: ದುಡ್ಡು ಕೊಟ್ಟು ಬೂಸ್ಟ್ ಮಾಡಬೇಕಾ?

ಬೂಸ್ಟ್ ಅಂದರೆ ದುಡ್ಡು ಕೊಟ್ಟು ಪೋಸ್ಟನ್ನು ಹೆಚ್ಚು ಜನಕ್ಕೆ ತೋರಿಸುವುದು. ಮೊದಲ ಆರು ತಿಂಗಳು ಬೇಡ. ಆಮೇಲೂ, ತಾನಾಗೇ ಚೆನ್ನಾಗಿ ಓಡಿದ ಪೋಸ್ಟಿಗೆ ಮಾತ್ರ ಹಾಕಿ. ಜಾಗವನ್ನು ನೀವೇ ಆರಿಸಿ: ಕೂಟ ನಡೆಯುವುದು ಸಾಗರದ ಹತ್ತಿರವಾದರೆ ಸುತ್ತ 30 ಕಿಲೋಮೀಟರ್ ಸಾಕು, ಇಡೀ ಕರ್ನಾಟಕಕ್ಕೆ ತೋರಿಸಿ ಏನು ಪ್ರಯೋಜನ? ಮುಗಿಯುವ ದಿನಾಂಕ ಹಾಕಲು ಮರೆಯಬೇಡಿ. ಜಾಹೀರಾತಿನ ಮೇಲೆ 18% ಜಿಎಸ್‌ಟಿ ಸೇರುತ್ತದೆ, ಖಜಾಂಚಿಗೆ ಮೊದಲೇ ಹೇಳಿಡಿ. ಫಾಲೋವರ್ಸ್ ಕೊಡಿಸುತ್ತೇವೆ ಅನ್ನುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಆ ಹೆಸರುಗಳು ಉಪ್ಪಿನಕಾಯಿ ತಿನ್ನುವುದಿಲ್ಲ, ಆಟ ನೋಡಲು ಬರುವುದಿಲ್ಲ.

ಒಂಬತ್ತನೇದು: ಒಪ್ಪಿಗೆ, ಕಾನೂನು

ಮಕ್ಕಳ ಫೋಟೋ ಹಾಕುವ ಮೊದಲು ಅಪ್ಪ ಅಮ್ಮನನ್ನು ಕೇಳಿ. ಸಹಾಯ ಪಡೆದವರ ಮುಖ ತೋರಿಸಿ ದಾನದ ಫೋಟೋ ಹಾಕುವುದನ್ನು ದಯವಿಟ್ಟು ನಿಲ್ಲಿಸಿ. ನಮ್ಮದೇ ಊರು, ನಾಳೆ ಅವರು ಅದೇ ಬಸ್ಸಿನಲ್ಲಿ ನಮ್ಮ ಜೊತೆ ಕೂರಬೇಕು. ತಿನ್ನುವ ವಸ್ತು ಮಾರುವವರು ಸರ್ಕಾರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿ, 14 ಅಂಕಿಯ ಆ ಸಂಖ್ಯೆ ಲೇಬಲ್ ಮೇಲಿರಲಿ. ವ್ಯಾಪಾರದ ಖಾತೆಯಲ್ಲಿ ಸಿನಿಮಾ ಹಾಡು ಹಾಕಿದರೆ ಧ್ವನಿ ಬಂದ್ ಆಗಬಹುದು. ಮೆಟಾ ಸೌಂಡ್ ಕಲೆಕ್ಷನ್ ಅಥವಾ ಯೂಟ್ಯೂಬ್ ಆಡಿಯೋ ಲೈಬ್ರರಿಯದು ಬಳಸಿ, ಇಲ್ಲವೇ ನಿಮ್ಮೂರಿನ ಮಳೆಯ ಸದ್ದೇ ಇರಲಿ. ಹೆಚ್ಚು ಫಾಲೋವರ್ಸ್ ಇರುವವರಿಗೆ ಬಾಟಲಿ ಉಚಿತವಾಗಿ ಕೊಟ್ಟು ವಿಡಿಯೋ ಮಾಡಿಸಿದರೆ, ಅದು ಜಾಹೀರಾತು ಅಂತ ಅವರು ಬರೆಯಬೇಕು. ಜಾಹೀರಾತು ಮಾನದಂಡ ಮಂಡಳಿಯ ಈ ನಿಯಮ 2021ರಿಂದ ಇದೆ.

ಹತ್ತನೇದು: ಬಂದವರನ್ನು ಕೇಳಿ

ಲೈಕ್ ಎಣಿಸುವುದು ಬಿಡಿ. ಪೇಜಿನ ಲೆಕ್ಕ ತೋರಿಸುವ ಇನ್‌ಸೈಟ್ಸ್ ತೆಗೆದು ಎಷ್ಟು ಜನಕ್ಕೆ ತಲುಪಿತು, ಎಷ್ಟು ಜನ ಬೇರೆಯವರಿಗೆ ಕಳಿಸಿದರು ಅಂತ ತಿಂಗಳಿಗೊಮ್ಮೆ ನೋಡಿ. ಬೇರೆಯವರಿಗೆ ಕಳಿಸಿದ್ದಾರೆ ಅಂದರೆ ಅದರಲ್ಲಿ ಏನೋ ಇದೆ, ಅಂಥದ್ದನ್ನು ಇನ್ನೊಂದು ಮಾಡಿ. ಅದಕ್ಕಿಂತ ಮುಖ್ಯವಾದದ್ದು ಬಾಗಿಲ ಹತ್ತಿರ ಒಂದು ನೋಟ್‌ಬುಕ್. ಹೆಸರು, ಊರು, "ಹೇಗೆ ಗೊತ್ತಾಯಿತು?" ಮೂರೇ ಕಾಲಂ.

ಈ ವರ್ಷದ ತಾಳಮದ್ದಲೆಗೆ ಹಾಗೇ ಇಟ್ಟಿದ್ದೆವು. 64 ಜನ ಬಂದರು. ಅರ್ಧಕ್ಕಿಂತ ಜಾಸ್ತಿ ಜನ ವಾಟ್ಸಾಪ್ ಅಂತ ಬರೆದಿದ್ದರು, ಕೆಲವರು ಫೇಸ್‌ಬುಕ್ ಅಂತ. ಐದು ಜನ ಬರೆದದ್ದು ಮಾತ್ರ ನಾವು ಯೋಚನೆಯನ್ನೇ ಮಾಡಿರದ ಉತ್ತರ: "ಬಸ್ಸಿನ ಕಂಡಕ್ಟರ್ ಹೇಳಿದ್ರು." ನಮ್ಮ ಪೋಸ್ಟರ್ ಯಾರ ಮೂಲಕವೋ ಅವರ ಫೋನಿಗೆ ಹೋಗಿತ್ತು, ಕೊನೇ ಬಸ್ಸಿನ ಸಮಯ ಅದರಲ್ಲಿ ಇದ್ದದ್ದರಿಂದ ಅವರು ಹತ್ತಿದವರಿಗೆಲ್ಲ ಹೇಳುತ್ತಾ ಬಂದಿದ್ದರು. ಮುಂದಿನ ಕೂಟ ಬರುವ ತಿಂಗಳು. ಪೋಸ್ಟರ್ ಮೊದಲು ಕಳಿಸುವ ನಂಬರುಗಳ ಪಟ್ಟಿಯಲ್ಲಿ ಈಗ ಅವರ ನಂಬರೂ ಇದೆ.